ತಲೆಕಟ್ಟಿಲ್ಲದ ಅಕ್ಷರ

ಕಳೆದ ಡಿಸೆಂಬರಿನ ಕೊನೆಯ ವಾರದಲ್ಲಿ ನಮ್ಮ ಕಛೇರಿಯಿಂದ ಸುಮಾರು ಮುನ್ನೂರು ಮಂದಿಗೆ ಹೊಸ ವರ್ಷದ ಶುಭಾಶಯ ಪತ್ರ ಹೋಯಿತು. ಪತ್ರ ಸ್ಪ್ಯಾನಿಷ್ ಭಾಷೆಯದು. ಪಡೆದವರು ಮೆಕ್ಸಿಕೊ, ಪೆರು ದೇಶಗಳ ನಮ್ಮ ಗಿರಾಕಿಗಳು. ಒಕ್ಕಣೆ ಬರೆದುಕೊಟ್ಟವನು ನಾನು. ಬೆಂಗಳೂರಿನಲ್ಲಿ ಕುಳಿತು ಆ ಭಾಷೆಯ ಕಾಗದಪತ್ರಗಳನ್ನು ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. 'ಫೆಲೀಸ್ ಆಞೊ ನ್ವೇವೊ' ಎಂದು ಬರೆದಿದ್ದೆ. ಹೊಸ ವರ್ಷ ಸುಖಕರವಾಗಿರಲಿ ಎಂದು ಅದರ ಅರ್ಥ. ಅಚ್ಚಿಗೆ ಸಿದ್ಧಪಡಿಸಿದ ತರುಣನ ಯಂತ್ರದಲ್ಲಿ 'ಞ' ಎಂದು ಉಚ್ಚರಿಸಬೇಕಾದ ಅಕ್ಷರದ ಜಾಗದಲ್ಲಿ ಒಂದು ಖಾಲಿ ಚೌಕ ಕಾಣಿಸಿತಂತೆ. ಅವನು ಬುದ್ಧಿವಂತ. ಚೌಕವನ್ನು ಅಳಿಸಿ ಇಂಗ್ಲಿಷಿನ ಶುದ್ಧ 'ಎನ್' ಅಕ್ಷರವನ್ನು ಕೂರಿಸಿದ. ಪತ್ರ ಹೊರಟುಹೋಯಿತು.

ಆಞೊ ಎಂದರೆ ವರ್ಷ. ಆನೊ ಎಂದರೆ ಗುದ. ವೈದ್ಯಗ್ರಂಥದ ಹೊರಗೆ ಬರೆಯಲು ಸಂಕೋಚವಾಗುವ ಮಾತು, ವಾಚಕರು ಕ್ಷಮಿಸಬೇಕು. ಆದರೆ ನಮ್ಮ ಕಛೇರಿ ಅದನ್ನು ಹೂಬಳ್ಳಿಗಳ ನಡುವೆ ಚಿನ್ನದ ಬಣ್ಣದಲ್ಲಿ ಬರೆದು, ನೂತನವಾದ ಅದು ಸುಖವಾಗಿರಲಿ ಎಂದು ಹಾರೈಸಿ, ಮುನ್ನೂರು ಮರ್ಯಾದಸ್ಥರಿಗೆ ಕಳುಹಿಸಿದ ಮೇಲೆ ನಾನೊಬ್ಬ ಸಂಕೋಚಪಟ್ಟು ಏನು ಪ್ರಯೋಜನ?

ನಾಲ್ಕಾರು ಜನ ನಗುವಿನ ಚಿತ್ರ ಕಳುಹಿಸಿದರು. ಹೆಚ್ಚಿನವರು ಸುಮ್ಮನಾದರು. ಮೆಕ್ಸಿಕೊದ ಗಿರಾಕಿಯೊಬ್ಬರ ಲೆಕ್ಕಪತ್ರ ವಿಭಾಗದಲ್ಲಿರುವ ಒಬ್ಬ ಹೆಂಗಸು ಮಾತ್ರ ಎರಡು ಸಾಲು ಬರೆದರು. ಶುಭಾಶಯಕ್ಕೆ ವಂದನೆಗಳು, ನಾವೆಲ್ಲ ನಕ್ಕೆವು, ಚಿಂತೆಯಿಲ್ಲ ಎಂಬುದು ಮೊದಲನೆಯ ಸಾಲು. ಎರಡನೆಯದು ಹೀಗಿತ್ತು: 'ಆದರೆ ಮೂರು ವರ್ಷದಿಂದ ನೀವು ನನ್ನ ಮನೆತನದ ಹೆಸರನ್ನೂ ತಪ್ಪಾಗಿಯೇ ಬರೆಯುತ್ತಿದ್ದೀರಿ. ಅದಕ್ಕೆ ನಗು ಬರುವುದಿಲ್ಲ.' ಆಕೆಯ ಮನೆತನದ ಹೆಸರು ಪೇಞ. ಬಂಡೆ ಎಂದು ಅರ್ಥ. ನಾವು ಬರೆಯುತ್ತಿದ್ದದ್ದು ಪೇನ. ಹಾಗೆಂದರೆ ದುಃಖ.

ಈ ಪತ್ರವನ್ನು ನಮ್ಮ ಮೇಲಧಿಕಾರಿಗಳ ಮುಂದಿಟ್ಟೆ. ಅವರು ಒಳ್ಳೆಯವರು, ಓದಿಕೊಂಡವರು. ಓದಿ ನಕ್ಕು, "ಅಲ್ಲ ಇವರೆ, ನಮ್ಮದು ಇಂಗ್ಲಿಷ್ ಕೀಲಿಮಣೆ. ಅದರಲ್ಲಿ ಆ ಅಕ್ಷರವೇ ಇಲ್ಲ. ಇಲ್ಲದ್ದನ್ನು ಎಲ್ಲಿಂದ ತರೋಣ? ಸಂದರ್ಭ ನೋಡಿ ಅರ್ಥಮಾಡಿಕೊಳ್ಳುತ್ತಾರೆ ಬಿಡಿ. ಅಲ್ಲಿಯವರೇ ಫೋನಿನಲ್ಲಿ ಬರೆಯುವಾಗ ಈ ಗುರುತುಗಳನ್ನೆಲ್ಲ ಹಾಕುವುದಿಲ್ಲವಂತೆ" ಎಂದರು. ಮೂರು ವಾದಗಳಾದುವು: ಕೀಲಿಯಿಲ್ಲ, ಅರ್ಥವಾಗುತ್ತದೆ, ಅವರೇ ಹಾಕುವುದಿಲ್ಲ. ಅವರ ಕೊಠಡಿಯಲ್ಲಿ ನಿಂತು ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಮೂರು ವಾದಗಳು ನಮ್ಮ ಕಛೇರಿಯ ಸ್ವತ್ತಲ್ಲ. ಯಂತ್ರದ ಮುಂದೆ ಕುಳಿತ ಮನುಷ್ಯರೆಲ್ಲರ ಬಾಯಲ್ಲೂ ಓಡಾಡುವಂಥವು.

ಮೊದಲು ಆ ಗುರುತುಗಳು ಏನೆಂದು ಹೇಳಿಬಿಡುತ್ತೇನೆ. ಹೆಚ್ಚೇನೂ ಇಲ್ಲ. ಐದು ಸ್ವರಗಳ ಮೇಲೆ ಬೀಳಬಹುದಾದ ಒಂದು ಓರೆಗೆರೆ; 'ಯು' ಅಕ್ಷರದ ಮೇಲೆ ಅಪರೂಪಕ್ಕೆ ಬರುವ ಎರಡು ಚುಕ್ಕೆ; 'ಎನ್' ಅಕ್ಷರದ ನೆತ್ತಿಯ ಮೇಲೆ ಒಂದು ಅಲೆ; ವಾಕ್ಯದ ಆರಂಭದಲ್ಲಿ ತಲೆಕೆಳಗಾಗಿ ನಿಲ್ಲುವ ಪ್ರಶ್ನೆಯ ಗುರುತು, ಹಾಗೆಯೇ ಆಶ್ಚರ್ಯದ ಗುರುತು. ಇಷ್ಟೆ. ನಮ್ಮ ಕಾಗುಣಿತ ಕಲಿತ ಮಗುವಿಗೆ ಇದು ಒಂದು ಮಧ್ಯಾಹ್ನದ ಪಾಠ.

ಅಲೆಯ ಕಥೆ ಸ್ವಾರಸ್ಯವಾದದ್ದು. ಅದು ಅಲಂಕಾರಕ್ಕೆ ಹುಟ್ಟಿದ್ದಲ್ಲ. ಮಧ್ಯಯುಗದ ಲಿಪಿಕಾರರು ಚರ್ಮದ ಹಾಳೆಯ ಮೇಲೆ ಬರೆಯುವಾಗ ಜಾಗ ಉಳಿಸಲೆಂದು, ಎರಡು 'ಎನ್' ಬಂದಾಗ ಒಂದನ್ನು ಬರೆದು ಇನ್ನೊಂದನ್ನು ಅದರ ತಲೆಯ ಮೇಲೆ ಚಿಕ್ಕದಾಗಿ ಗೀಚುತ್ತಿದ್ದರು. ಲ್ಯಾಟಿನ್ನಿನ 'ಆನ್ನುಸ್' ಸ್ಪ್ಯಾನಿಷಿನ 'ಆಞೊ' ಆದದ್ದು ಹೀಗೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅವರದು ಮೇಲೆ ಹತ್ತಿತು, ವ್ಯತ್ಯಾಸ ಅಷ್ಟೆ. ಇದೇ ಧ್ವನಿಯನ್ನು ಫ್ರೆಂಚರೂ ಇಟಲಿಯವರೂ 'ಜಿ', 'ಎನ್' ಸೇರಿಸಿ ಬರೆದರು, ಪೋರ್ಚುಗೀಸರು 'ಎನ್', 'ಎಚ್' ಸೇರಿಸಿ ಬರೆದರು. ಸ್ಪ್ಯಾನಿಷರು ಒಂದೇ ಅಕ್ಷರ ಮಾಡಿಕೊಂಡು ಅದಕ್ಕೆ 'ಎಞೆ' ಎಂದು ಹೆಸರಿಟ್ಟು ವರ್ಣಮಾಲೆಯಲ್ಲಿ ಪ್ರತ್ಯೇಕ ಮಣೆ ಹಾಕಿದರು. ಆದುದರಿಂದ ಅಲೆ ತೆಗೆದ ಅಕ್ಷರ ಸ್ವಲ್ಪ ಊನವಾದ ಅಕ್ಷರವಲ್ಲ, ಬೇರೆ ಅಕ್ಷರ. ನಾನು ಪ್ರಾಥಮಿಕ ಶಾಲೆಯಲ್ಲಿ 'ಚ ಛ ಜ ಝ ಞ' ಎಂದು ರಾಗವಾಗಿ ಹೇಳುತ್ತ, ಈ ಕೊನೆಯ ಅಕ್ಷರ ಯಾವ ಉಪಯೋಗಕ್ಕೋ ಎಂದು ಮೇಷ್ಟರನ್ನು ಕೇಳಿ ಬೈಸಿಕೊಂಡಿದ್ದೆ. ಅದರ ಉಪಯೋಗ ತಿಳಿದದ್ದು ನಲವತ್ತನೆಯ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತಾಗ.

ಇನ್ನು ಕೀಲಿಯಿಲ್ಲವೆಂಬ ಮಾತು.

ನಿಮ್ಮ ಕೀಲಿಮಣೆಯ ಮೇಲಿನ ಸಾಲಿನ ಎಡತುದಿಯನ್ನು, ಒಂದು ಎಂಬ ಅಂಕಿಯ ಪಕ್ಕವನ್ನು ನೋಡಿ. ಅಲ್ಲಿ ಒಂದು ಅಲೆಯ ಚಿತ್ರವಿದೆ. 'ಸುಮಾರು' ಎಂಬುದಕ್ಕೆ ಗುರುತಾಗಿ ಅದನ್ನು ಬಳಸುತ್ತೇವೆ. ಅದು ಅಲ್ಲಿಗೆ ಹೇಗೆ ಬಂತು? ಗಣಕಯಂತ್ರಗಳು ಪರಸ್ಪರ ಮಾತನಾಡಲು ಬೇಕಾದ ಆಸ್ಕಿ ಎಂಬ ಅಕ್ಷರಸಂಕೇತವನ್ನು ಅಮೆರಿಕದವರು 1963ರಲ್ಲಿ ಗೊತ್ತುಮಾಡಿದರು. ಅದರಲ್ಲಿ ಒಟ್ಟು 128 ಸ್ಥಾನಗಳು. 1967ರಲ್ಲಿ ಅದನ್ನು ಪರಿಷ್ಕರಿಸಿದಾಗ ಅಲೆಯೂ ಇನ್ನೆರಡು ಗೆರೆಗಳೂ ಒಳಗೆ ಬಂದದ್ದರ ಉದ್ದೇಶಗಳಲ್ಲಿ ಒಂದು, ಅಕ್ಷರ ಹೊಡೆದು, ಒಂದು ಹೆಜ್ಜೆ ಹಿಂದೆ ಸರಿದು, ಅದರ ತಲೆಯ ಮೇಲೆ ಗುರುತನ್ನು ಹೊಡೆಯಲಿ ಎಂಬುದು. ಕಾಗದದ ಮೇಲೆ ಹೊಡೆಯುವ ಯಂತ್ರದಲ್ಲಿ ಇದು ಸಾಧ್ಯವಿತ್ತು. ಗಾಜಿನ ಪರದೆ ಬಂದ ಮೇಲೆ ಹಿಂದಿನ ಅಕ್ಷರದ ಮೇಲೆ ಹೊಡೆದದ್ದು ಅದನ್ನು ಅಳಿಸತೊಡಗಿತು. ಅಲೆ ಮಾತ್ರ ಮನೆಯಿಲ್ಲದೆ ಮೂಲೆಯಲ್ಲಿ ಉಳಿಯಿತು. ಆದ್ದರಿಂದ ಆ ಗುರುತು ನಮ್ಮ ಕೀಲಿಮಣೆಯಲ್ಲಿ ಇಲ್ಲ ಎಂಬುದು ಸುಳ್ಳು. ಇದೆ, ಅದನ್ನು ಅಕ್ಷರದ ಮೇಲೆ ಕೂರಿಸುವ ದಾರಿಯನ್ನು ನಾವು ಕೇಳಿಕೊಂಡಿಲ್ಲ.

ಹಳೆಯ ಯಂತ್ರಗಳು ನಮಗಿಂತ ವಿನಯಶಾಲಿಗಳಾಗಿದ್ದುವು. ತಂತಿ ಕಳುಹಿಸುವ ಮೋರ್ಸ್ ಸಂಕೇತದಲ್ಲಿ ಸ್ಪ್ಯಾನಿಷರ ಈ ಅಕ್ಷರಕ್ಕೆ ಪ್ರತ್ಯೇಕ ಸದ್ದು ಇತ್ತು: ಎರಡು ಗೀಟು, ಒಂದು ಚುಕ್ಕೆ, ಮತ್ತೆ ಎರಡು ಗೀಟು. ಸ್ಪ್ಯಾನಿಷ್ ಬೆರಳಚ್ಚು ಯಂತ್ರದಲ್ಲಿ ಎಞೆಗೆ ತನ್ನದೇ ಕೀಲಿ. ಓರೆಗೆರೆಗೆ ಒಂದು 'ಸತ್ತ ಕೀಲಿ'. ಅದನ್ನು ಒತ್ತಿದರೆ ಗೆರೆ ಬೀಳುತ್ತದೆ, ಆದರೆ ಕಾಗದ ಮುಂದೆ ಸರಿಯುವುದಿಲ್ಲ. ಮುಂದಿನ ಸ್ವರ ಅದರ ಕೆಳಗೇ ಬಂದು ಕೂರುತ್ತದೆ. ಕಬ್ಬಿಣದ ಯಂತ್ರಕ್ಕೆ ಬಂದ ಈ ಬುದ್ಧಿ ಇಂದಿನ ಯಂತ್ರಕ್ಕೂ ಇದೆ. ಇಲ್ಲದಿರುವುದು ನಮಗೆ.

ಈ ದಾರಿಯನ್ನು ಹೇಳದೆ ಬರಿದೆ ಬೈದರೆ ನನ್ನದು ಜಗಳಗಂಟತನವಾದೀತು. ವಿಂಡೋಸ್ ಯಂತ್ರದಲ್ಲಿ ಭಾಷೆಯ ವ್ಯವಸ್ಥೆಗೆ ಹೋಗಿ 'ಯುನೈಟೆಡ್ ಸ್ಟೇಟ್ಸ್ ಇಂಟರ್‌ನ್ಯಾಷನಲ್' ಎಂಬ ಕೀಲಿಮಣೆಯನ್ನು ಸೇರಿಸಿಕೊಳ್ಳಿ. ಹೊಸದೇನನ್ನೂ ಕೊಳ್ಳಬೇಕಾಗಿಲ್ಲ, ಇರುವ ಕೀಲಿಗಳೇ ಸಾಕು. ಅನಂತರ ಅಲೆಯನ್ನು ಒತ್ತಿ ಎನ್ ಒತ್ತಿದರೆ ಎಞೆ. ಮೇಲಿನ ಒಂಟಿ ಉದ್ಧರಣ ಚಿಹ್ನೆ ಒತ್ತಿ ಸ್ವರ ಒತ್ತಿದರೆ ಓರೆಗೆರೆಯ ಸ್ವರ. ಇದರಲ್ಲಿ ಒಂದು ಕಿರುಕುಳವಿದೆ: ಇಂಗ್ಲಿಷ್ ಬರೆಯುವಾಗ ಉದ್ಧರಣ ಚಿಹ್ನೆ ಮುಂದಿನ ಅಕ್ಷರಕ್ಕೆ ಕಾದು ನಿಲ್ಲುತ್ತದೆ, ಖಾಲಿ ಕೀಲಿಯನ್ನು ಒತ್ತಿ ಅದನ್ನು ಎಬ್ಬಿಸಬೇಕು. ಗುರುತನ್ನು ಬೇರೆಯಾಗಿ ಒತ್ತದೆಯೂ ಕೆಲಸ ನಡೆಯುತ್ತದೆ: ಬಲಗಡೆಯ ಆಲ್ಟ್ ಕೀಲಿಯನ್ನು ಹಿಡಿದು ಎನ್ ಒತ್ತಿದರೆ ಎಞೆ, ಸ್ವರ ಒತ್ತಿದರೆ ಓರೆಗೆರೆಯ ಸ್ವರ, ಪ್ರಶ್ನೆಯ ಕೀಲಿ ಒತ್ತಿದರೆ ತಲೆಕೆಳಗಾದ ಪ್ರಶ್ನೆ, ಒಂದರ ಅಂಕಿ ಒತ್ತಿದರೆ ತಲೆಕೆಳಗಾದ ಆಶ್ಚರ್ಯ. ಮ್ಯಾಕ್ ಯಂತ್ರದಲ್ಲಿ ಆಪ್ಷನ್ ಕೀಲಿಯೊಡನೆ ಎನ್ ಒತ್ತಿ, ಬಿಟ್ಟು, ಮತ್ತೊಮ್ಮೆ ಎನ್ ಒತ್ತಬೇಕು. ಫೋನಿನಲ್ಲಾದರೆ ಅಕ್ಷರದ ಮೇಲೆ ಬೆರಳನ್ನು ಒಂದು ಕ್ಷಣ ಹೆಚ್ಚು ಇಟ್ಟರೆ ಅದರ ಒಡಹುಟ್ಟಿದವರೆಲ್ಲ ಎದ್ದು ನಿಲ್ಲುತ್ತಾರೆ. ಇದನ್ನು ಕಲಿಯಲು ನನಗೆ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷವನ್ನು ಕೊಡಲು ಒಂದು ವರ್ಷ ಹಿಡಿಯಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆ ಒಂದು ವರ್ಷ ನಾನು ಒಂದು ಕಡತದಲ್ಲಿ ಗುರುತಿನ ಅಕ್ಷರಗಳನ್ನು ಕೂಡಿಟ್ಟುಕೊಂಡು, ಬೇಕಾದಾಗ ಭಿಕ್ಷೆಯಂತೆ ಒಂದೊಂದನ್ನೇ ಎತ್ತಿ ತಂದು ಅಂಟಿಸುತ್ತಿದ್ದೆ. ಅವಸರವಾದಾಗ ಬಿಟ್ಟೂ ಬಿಡುತ್ತಿದ್ದೆ. ಆ ಹೆಂಗಸು ಹೇಳಿದ ಮೂರು ವರ್ಷಗಳಲ್ಲಿ ಒಂದು ವರ್ಷದ ಪಾಪ ನನ್ನದೇ.

ಇನ್ನೊಂದು ದಾರಿಯೂ ಇದೆ, ಸಂಖ್ಯೆಯ ದಾರಿ. ಆಲ್ಟ್ ಹಿಡಿದು ಅಂಕಿಮಣೆಯಲ್ಲಿ 164 ಎಂದು ಒತ್ತಿದರೆ ಎಞೆ ಬರುತ್ತದೆ. 1981ರ ಐಬಿಎಂ ಪಿಸಿಯ ಅಕ್ಷರಪಟ್ಟಿಯಲ್ಲಿ ಎಞೆಯ ಸ್ಥಾನ ಅದು. ಅನಂತರ 1987ರಲ್ಲಿ ಬಂದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದೇ ಅಕ್ಷರದ ಸ್ಥಾನ 241. 164ರಲ್ಲಿ ಹಣದ ಸಾಮಾನ್ಯ ಗುರುತೊಂದು ಬಂದು ಕೂತಿತು. ಒಂದು ಪಟ್ಟಿಯಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ವರ್ಷದ ಹೊಟ್ಟೆಯಲ್ಲಿ ದುಡ್ಡು ಕಾಣಿಸಿಕೊಳ್ಳುತ್ತಿತ್ತು. 'ಗುರುತು ಹಾಕಿದರೆ ಕಸವಾಗುತ್ತದೆ, ಬಿಟ್ಟರೆ ಕ್ಷೇಮ' ಎಂಬ ಭಯ ಹುಟ್ಟಿದ್ದು ಆ ಕಾಲದಲ್ಲಿ. ಅಂದು ಅದು ನ್ಯಾಯವಾದ ಭಯ. ಆದರೆ 1991ರಲ್ಲಿ ಯೂನಿಕೋಡ್ ಬಂತು. ಲೋಕದ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಎಞೆಗೂ ಅಲ್ಲಿ ಮನೆಯುಂಟು, ನಮ್ಮ ಞಕಾರಕ್ಕೂ ಉಂಟು. ಇಷ್ಟು ವರ್ಷಗಳ ಮೇಲೂ ಖಾಲಿ ಚೌಕ ಕಾಣಿಸಿದರೆ ತಪ್ಪು ಅಕ್ಷರದ್ದಲ್ಲ, ಆ ಅಕ್ಷರವಿಲ್ಲದ ಅಚ್ಚುಮೊಳೆಯನ್ನು ಆರಿಸಿಕೊಂಡವರದು. ಚೌಕ ಬಂದಾಗ ಮಾಡಬೇಕಾದದ್ದು ಅಚ್ಚಿನ ಬದಲಾವಣೆ, ಅಕ್ಷರದ ಬದಲಾವಣೆಯಲ್ಲ.

ಎರಡನೆಯ ವಾದ: ಸಂದರ್ಭದಿಂದ ಅರ್ಥವಾಗುತ್ತದೆ.

ಆಗುತ್ತದೆ, ಅನೇಕ ಸಲ. ಹೊಸ ವರ್ಷದ ದಿನ ಬಂದ ಪತ್ರವನ್ನು ಯಾರೂ ವೈದ್ಯರ ಬಳಿಗೆ ಒಯ್ಯಲಿಲ್ಲ. ಆದರೆ ಓದುವವನು ತನ್ನ ಬುದ್ಧಿಯಿಂದ ನಮ್ಮ ತಪ್ಪನ್ನು ತಿದ್ದಿಕೊಂಡು ಓದಲಿ ಎಂದು ಬಯಸುವುದಕ್ಕೆ ಬರವಣಿಗೆ ಎನ್ನುತ್ತಾರೆಯೆ? 'ಆಬ್ಲೊ' ಎಂದರೆ ಮಾತನಾಡುತ್ತೇನೆ. ಕೊನೆಯ ಸ್ವರಕ್ಕೆ ಗೆರೆ ಬಿದ್ದು 'ಅಬ್ಲೋ' ಆದರೆ ಅವನು ಮಾತನಾಡಿದ. 'ಪಾಪ' ಎಂದರೆ ಆಲೂಗೆಡ್ಡೆ, ಪೋಪರೂ ಹೌದು. 'ಪಪಾ' ಎಂದರೆ ಅಪ್ಪ. ಉದ್ಯೋಗಕ್ಕೆ ಅರ್ಜಿ ಹಾಕುವವನು ತನಗೆ ಇಂಗ್ಲಿಷ್ ಬರುತ್ತದೆಂದು ಹೆಮ್ಮೆಯಿಂದ ಬರೆಯುತ್ತಾನೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಬರೆದ ಆ 'ಇಂಗ್ಲೆಸ್' ಎಂಬ ಶಬ್ದಕ್ಕೆ ಗೆರೆಯಿಲ್ಲದಿದ್ದರೆ ತೊಡೆಸಂದುಗಳು ಎಂದು ಅರ್ಥ. ಇನ್ನು ತಲೆಕೆಳಗಾದ ಪ್ರಶ್ನೆ ಬರಿಯ ವಿಲಾಸವೆಂದು ನಗುವವರಿದ್ದಾರೆ. ಸ್ಪ್ಯಾನಿಷಿನಲ್ಲಿ 'ನಾಳೆ ಬರುತ್ತಾನೆ' ಎಂಬುದಕ್ಕೂ 'ನಾಳೆ ಬರುತ್ತಾನೆಯೆ' ಎಂಬುದಕ್ಕೂ ಪದಗಳು ಒಂದೇ, ಕ್ರಮವೂ ಒಂದೇ. ನಮಗೆ ಕೊನೆಯಲ್ಲಿ ಒಂದು 'ಎ' ಇದೆ, ಅವರಿಗೆ ಅದಿಲ್ಲ. ಉದ್ದ ವಾಕ್ಯವನ್ನು ಓದಿ ಮುಗಿಸಿದ ಮೇಲೆ ಇದು ಪ್ರಶ್ನೆಯೆಂದು ತಿಳಿದರೆ ಗಟ್ಟಿಯಾಗಿ ಓದುವವನ ಗತಿ ಏನು? ಇದಕ್ಕಾಗಿಯೇ ಅವರ ರಾಜ ಅಕಾಡೆಮಿ 1754ರಲ್ಲಿ ಆರಂಭದ ಗುರುತನ್ನು ಗೊತ್ತುಪಡಿಸಿತು.

ಇವೆಲ್ಲ ಶಬ್ದಗಳ ಮಾತು. ಇಲ್ಲಿ ಸಂದರ್ಭವಾದರೂ ಕೈಹಿಡಿದೀತು. ಹೆಸರಿಗೆ ಯಾವ ಸಂದರ್ಭ? ಪೇಞ ಎಂಬುದೂ ಹೆಸರು, ಪೇನ ಎಂಬುದೂ ಹೆಸರು. ಪಟ್ಟಿಯಲ್ಲಿ ಅಲೆ ಹೋದರೆ ಒಬ್ಬರು ಇನ್ನೊಬ್ಬರಾಗುತ್ತಾರೆ. ನಮ್ಮ ಕಛೇರಿಯ ಪತ್ರದಲ್ಲಾದರೆ ಕ್ಷಮೆ ಕೇಳಬಹುದು, ಸರಕಾರದ ಕಾಗದದಲ್ಲಾದರೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮೂಲದ ಜನ ಲಕ್ಷೋಪಲಕ್ಷ. ಆ ಸಂಸ್ಥಾನದ ಊರುಗಳ ಹೆಸರುಗಳೇ ಅರ್ಧ ಸ್ಪ್ಯಾನಿಷ್. ಅಲ್ಲಿನ ಮತದಾರರು 1986ರಲ್ಲಿ ಇಂಗ್ಲಿಷೇ ಅಧಿಕೃತ ಭಾಷೆಯೆಂದು ತೀರ್ಮಾನಿಸಿದರು. ಅದರ ಅರ್ಥವನ್ನು ಎಳೆದು, ಜನನಪತ್ರದಲ್ಲಿ ಇಂಗ್ಲಿಷಿನ 26 ಅಕ್ಷರಗಳ ಮೇಲೆ ಯಾವ ಗುರುತೂ ಕೂಡದೆಂದಾಯಿತು. ಗುರುತುಗಳಿಗೆ ಅವಕಾಶ ಕೊಡುವ ಮಸೂದೆಯನ್ನು ಶಾಸನಸಭೆ 2017ರಲ್ಲಿ ಅಂಗೀಕರಿಸಿದಾಗ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕದೆ ಹಿಂದಕ್ಕೆ ಕಳುಹಿಸಿದರು. ಕಾರಣ: ದಾಖಲೆಯ ಯಂತ್ರವ್ಯವಸ್ಥೆಯನ್ನು ಬದಲಾಯಿಸಲು ಖರ್ಚು ಹೆಚ್ಚು, ಬೇರೆ ಇಲಾಖೆಗಳ ಕಾಗದಗಳೊಡನೆ ಹೊಂದುವುದಿಲ್ಲ. ಗಣಕಯಂತ್ರಗಳ ತವರಾದ ಸಿಲಿಕಾನ್ ಕಣಿವೆ ಇರುವುದು ಅದೇ ಸಂಸ್ಥಾನದಲ್ಲಿ ಎಂಬುದನ್ನು ನೆನೆದರೆ ನಗಬೇಕೊ ಅಳಬೇಕೊ ತಿಳಿಯದು. ಕೂಸಿಗೆ ತಾಯಿ ಇಟ್ಟ ಹೆಸರು ಒಂದು, ಸರಕಾರ ಬರೆದುಕೊಂಡದ್ದು ಇನ್ನೊಂದು. ಅದೇ ದೇಶದ ಬೇಸ್‌ಬಾಲ್ ಆಟಗಾರರಿಗೆ ಈ ನೋವು ತಿಳಿದಿತ್ತು. 2016ರಲ್ಲಿ ಅವರ ಲೀಗು 'ಗುರುತು ಹಾಕಿ' ಎಂದು ಸ್ಪ್ಯಾನಿಷಿನಲ್ಲಿ ಕರೆಕೊಟ್ಟು, ಆಟಗಾರರ ಅಂಗಿಯ ಬೆನ್ನಿನ ಹೆಸರುಗಳಿಗೆ ಓರೆಗೆರೆಗಳನ್ನು ಹೊಲಿಸಿಕೊಟ್ಟಿತು. ದರ್ಜಿಯ ಸೂಜಿಗೆ ಆದದ್ದು ದಫ್ತರದ ಯಂತ್ರಕ್ಕೆ ಆಗಲಿಲ್ಲ.

ಮೂರನೆಯ ವಾದ: ಅವರೇ ಹಾಕುವುದಿಲ್ಲ.

ನಿಜ, ಸ್ನೇಹಿತರೊಡನೆ ಹರಟುವಾಗ ಅನೇಕರು ಗೆರೆಗಳನ್ನು ಬಿಡುತ್ತಾರೆ, ಆರಂಭದ ಪ್ರಶ್ನೆಯನ್ನಂತೂ ಬಿಟ್ಟೇಬಿಡುತ್ತಾರೆ. ಮನೆಯ ಯಜಮಾನ ಸೆಕೆಗೆ ಅಂಗಿ ಕಳಚಿ ಜಗಲಿಯಲ್ಲಿ ಕುಳಿತಿದ್ದಾನೆಂದು, ಅವನ ಮನೆಗೆ ವ್ಯವಹಾರಕ್ಕೆ ಬಂದ ಅತಿಥಿಯೂ ಅಂಗಿ ಕಳಚಬಹುದೆ? ಅಷ್ಟಕ್ಕೂ ಅಂಗಿ ಕಳಚುವ ಆ ಜನ, ಅಂಗಿಯನ್ನು ಕಿತ್ತುಕೊಳ್ಳಲು ಬಂದಾಗ ಏನು ಮಾಡಿದರೆಂಬುದನ್ನು ನಮ್ಮ ಅಧಿಕಾರಿಗಳು ಕೇಳಿಲ್ಲ. ಎಞೆಯಿಲ್ಲದ ಕೀಲಿಮಣೆಗಳನ್ನು ಸ್ಪೇನಿನಲ್ಲಿ ಮಾರಕೂಡದೆಂದು ಅಲ್ಲಿ ನಿಯಮವಿತ್ತು. ಅದು ಮುಕ್ತ ವ್ಯಾಪಾರಕ್ಕೆ ಅಡ್ಡಿ ಎಂದು 1991ರಲ್ಲಿ ಯುರೋಪಿನ ಸಮುದಾಯ ಆಕ್ಷೇಪಿಸಿತು. ದೇಶದೇಶಗಳಿಗೆ ಬೇರೆ ಬೇರೆ ಕೀಲಿಮಣೆ ಮಾಡುವುದು ತಯಾರಕರಿಗೆ ತೊಂದರೆಯಲ್ಲವೆ! ಸ್ಪೇನಿನಲ್ಲಿ ಮಾತ್ರವಲ್ಲ, ಸಾಗರದಾಚೆಯ ದೇಶಗಳಲ್ಲೂ ಕೋಲಾಹಲವಾಯಿತು. ನೊಬೆಲ್ ಪಡೆದ ಕೊಲಂಬಿಯಾದ ಕಾದಂಬರಿಕಾರ ಗಾರ್ಸಿಯಾ ಮಾರ್ಕೆಸ್ ಬಹಿರಂಗವಾಗಿ ಪ್ರತಿಭಟಿಸಿದರು. ಕೊನೆಗೆ 1993ರ ಏಪ್ರಿಲ್ 16ರಂದು ಸ್ಪೇನ್ ಸರಕಾರ ರಾಜಾಜ್ಞೆಯನ್ನು ಹೊರಡಿಸಿ, ಸಂಸ್ಕೃತಿಯ ರಕ್ಷಣೆಯ ಆಧಾರದ ಮೇಲೆ, ಕೀಲಿಮಣೆಗಳಲ್ಲಿ ಎಞೆಯೂ ಆರಂಭದ ಪ್ರಶ್ನೆ ಆಶ್ಚರ್ಯಗಳೂ ಇರಲೇಬೇಕೆಂದು ವಿಧಿಸಿತು. ಒಂದು ಕೀಲಿಗಾಗಿ ಒಂದು ಸರಕಾರ!

ಇದು ಬರಿಯ ಹಟವೆಂದು ಯಾರೂ ತಿಳಿಯಬಾರದು. ಸ್ಪ್ಯಾನಿಷ್ ಅಕಾಡೆಮಿಗಳು ಬಗ್ಗಬೇಕಾದಲ್ಲಿ ಬಗ್ಗಿವೆ. 'ಸಿ-ಎಚ್', 'ಡಬಲ್ ಎಲ್' ಎಂಬ ಜೋಡಿಗಳಿಗೆ ಅವರ ನಿಘಂಟಿನಲ್ಲಿ ಪ್ರತ್ಯೇಕ ವಿಭಾಗಗಳಿದ್ದುವು. ಇತರ ಭಾಷೆಗಳ ನಿಘಂಟುಗಳಿಗೂ ಗಣಕಯಂತ್ರದ ಅನುಕ್ರಮಕ್ಕೂ ಹೊಂದಲೆಂದು 1994ರಲ್ಲಿ ಆ ವಿಭಾಗಗಳನ್ನು ಬಿಟ್ಟುಕೊಟ್ಟರು. 2010ರಲ್ಲಿ ಆ ಜೋಡಿಗಳನ್ನು ವರ್ಣಮಾಲೆಯಿಂದಲೇ ಕೈಬಿಟ್ಟರು. ಏಕೆಂದರೆ ಅದರಿಂದ ಯಾವ ಶಬ್ದವೂ ಕೆಡಲಿಲ್ಲ. ಎಞೆಯನ್ನು ಬಿಡಲಿಲ್ಲ. ಯಂತ್ರಕ್ಕೆ ಎಲ್ಲಿ ಜಾಗ ಕೊಡಬೇಕು, ಎಲ್ಲಿ ಕೊಡಬಾರದು ಎಂಬ ವಿವೇಕ ಇದು. ಸುಮಾರು ಐವತ್ತು ಕೋಟಿ ಜನರ ತಾಯ್ನುಡಿಗೆ ಇಷ್ಟು ಮಾತ್ರದ ಅಧಿಕಾರ ಇರಬಾರದೆ?

ಇದು ಪರದೇಶದ ಜಗಳ, ನಮಗೇಕೆ ಎಂದು ಕೇಳುವ ಓದುಗರಿಗೆ ಒಂದೇ ಮಾತು. ಇಂಗ್ಲಿಷ್ ಕೀಲಿಮಣೆಯ ಅಕ್ಷರದಲ್ಲಿ ನಾವು ಕನ್ನಡವನ್ನು ಹೇಗೆ ಬರೆಯುತ್ತೇವೆ ನೋಡಿ. ಹಳ್ಳಿಯೂ ಹಲ್ಲಿಯೂ ಅಲ್ಲಿ ಒಂದೇ. ಕಾಳೂ ಕಾಲೂ ಒಂದೇ. ಬೆಂಗಳೂರಿನ ಸುತ್ತಲಿನ ಹಳ್ಳಿಗಳೆಲ್ಲ ಇಂಗ್ಲಿಷ್ ಫಲಕಗಳಲ್ಲಿ ಹಲ್ಲಿಗಳಾಗಿ ಹರಿದಾಡುತ್ತಿವೆ. ಹೊರಗಿನಿಂದ ಬಂದವರು ಹಾಗೆಯೇ ಉಚ್ಚರಿಸಿದಾಗ ನಮಗೆ ಮೈಯುರಿಯುತ್ತದೆ. ಸಂದರ್ಭದಿಂದ ಅರ್ಥವಾಗುವುದಿಲ್ಲವೆ ಎಂದು ಆಗ ಯಾರೂ ಸಮಾಧಾನ ಹೇಳಿಕೊಳ್ಳುವುದಿಲ್ಲ. 2010ರಲ್ಲಿ ರೂಪಾಯಿಗೆ ಹೊಸ ಗುರುತು ಬಂದಾಗ, ಅದು ಕೀಲಿಮಣೆಯಲ್ಲಿ ಯಾವಾಗ ಬರುತ್ತದೆಂದು ನಾವು ಕಾತರದಿಂದ ಕೇಳಿದೆವು. ಎರಡು ಇಂಗ್ಲಿಷ್ ಅಕ್ಷರ ಸಾಲದೆ ಎನ್ನಲಿಲ್ಲ. ಕನ್ನಡ ಕೀಲಿಮಣೆಗಾಗಿ ಕೆ. ಪಿ. ರಾವ್ ಅವರಂಥವರು ಪಟ್ಟ ಶ್ರಮದ ಫಲವನ್ನು ದಿನವೂ ಉಣ್ಣುತ್ತಿದ್ದೇವೆ. ನಮ್ಮ ಳಕಾರಕ್ಕೆ ಬೇಕಾದ ಮರ್ಯಾದೆ ಅವರ ಎಞೆಗೆ ಬೇಡವೆ?

ಆದುದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಪರಭಾಷೆಯಲ್ಲಿ ವ್ಯವಹರಿಸುವ ಕಛೇರಿಗಳು ಆ ಭಾಷೆಯ ಕೀಲಿಮಣೆಯನ್ನು ತಮ್ಮ ಯಂತ್ರಗಳಲ್ಲಿ ಮೊದಲ ದಿನವೇ ಹಾಕಿಸಲಿ. ಹೆಸರು ತುಂಬುವ ನಮೂನೆಗಳನ್ನು ತಯಾರಿಸುವವರು, ಗುರುತುಳ್ಳ ಅಕ್ಷರ ಕಂಡೊಡನೆ 'ತಪ್ಪು ಅಕ್ಷರ' ಎಂದು ಕೆಂಪು ಬಣ್ಣದಲ್ಲಿ ಗದರಿಸುವುದನ್ನು ಬಿಡಲಿ. ಮನುಷ್ಯನ ಸ್ವಂತ ಹೆಸರನ್ನು ತಪ್ಪೆನ್ನುವ ಅಧಿಕಾರ ಯಾವ ನಮೂನೆಗೂ ಇಲ್ಲ. ಇನ್ನು ನಾವು, ಬೆರಳಾಡಿಸುವವರು, ಹತ್ತು ನಿಮಿಷ ಕೊಡೋಣ.

ಆ ಹೆಂಗಸಿಗೆ ನಾನು ಕ್ಷಮಾಪಣೆ ಬರೆದೆ. ಈ ಸಲ ಹೆಸರಿನ ಮೇಲೆ ಅಲೆಯಿತ್ತು. ಒಂದು ವಾರದ ಮೇಲೆ ಉತ್ತರ ಬಂತು. ವಂದನೆ ಹೇಳಿ, ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದರು, ತಲೆಕೆಳಗಾದ ಗುರುತಿನಿಂದ ಆರಂಭವಾದ ಪ್ರಶ್ನೆ: ನಿಮ್ಮ ಹೆಸರನ್ನು ನಾನು ಸರಿಯಾಗಿ ಬರೆಯುತ್ತಿದ್ದೇನೆಯೆ? ಅದಕ್ಕೂ ಏನಾದರೂ ಗುರುತು ಹಾಕಬೇಕೆ?

ನನ್ನ ಹೆಸರಿನಲ್ಲಿ ಒಂದು ಳಕಾರವಿದೆ. ಇಪ್ಪತ್ತೆರಡು ವರ್ಷದ ಉದ್ಯೋಗದಲ್ಲಿ ಈ ಪ್ರಶ್ನೆಯನ್ನು ನನ್ನನ್ನು ಕೇಳಿದವರು ಅವರೊಬ್ಬರೇ.